ಸೇವೆಯಲ್ಲಿ ಕಳೆದ ಕಾಲು ಯಾವ ಲೆಕ್ಕಶೀರ್ಷಿಕೆಗೆ?

ಹೊನ್ನೆಮರಡು ಎಂಬ ಹೆಸರನ್ನು ನಾನು ಮೊದಲ ಬಾರಿಗೆ ಓದಿದ್ದು 1998ರಲ್ಲಿ, ಒಂದು ಕಡತದ ಮೂರನೆಯ ಹಾಳೆಯಲ್ಲಿ. ಅರ್ಜಿದಾರನ ಕಾಯಂ ವಿಳಾಸದ ಜಾಗದಲ್ಲಿ 'ಹೊನ್ನೆಮರಡು ಸಮೀಪ, ಸಾಗರ ತಾಲ್ಲೂಕು' ಎಂದು ಬರೆದಿತ್ತು. ಹೆಸರು ಚೆನ್ನಾಗಿದೆ ಅನ್ನಿಸಿತ್ತು. ಅಷ್ಟರಮಟ್ಟಿಗೆ ನೆನಪಿನಲ್ಲಿ ಉಳಿಯಿತು. ಅರ್ಜಿದಾರ ಮಾತ್ರ ಉಳಿಯಲಿಲ್ಲ.

ಆತ ಒಂದು ಜಿಲ್ಲೆಯ ಸಶಸ್ತ್ರ ಮೀಸಲು ಪಡೆಯ ಕಾನ್‌ಸ್ಟೇಬಲ್. 1997ರ ಗಣೇಶ ವಿಸರ್ಜನೆಯ ಬಂದೋಬಸ್ತಿನಲ್ಲಿ ಮೂರು ರಾತ್ರಿ ಸತತವಾಗಿ ನಿಂತವನಿಗೆ, ಮರುದಿನ ಬೆಳಗ್ಗೆ ಆರು ಗಂಟೆಗೆ ಮತ್ತೊಂದು ಪಟ್ಟಣದಲ್ಲಿ ಗಣ್ಯರ ಭೇಟಿಯ ಕಾವಲಿಗೆ ಹಾಜರಾಗಬೇಕೆಂಬ ಮೌಖಿಕ ಆದೇಶ ಬಂತು. ಇಲಾಖೆಯ ವಾಹನ ಸಿಗಲಿಲ್ಲ. ತನ್ನದೇ ದ್ವಿಚಕ್ರ ವಾಹನದಲ್ಲಿ ಹೊರಟ. ನಸುಕಿನ ಮಳೆಯಲ್ಲಿ ಎದುರಿಗೆ ಬಂದ ಲಾರಿ ಗುದ್ದಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ವೈದ್ಯಕೀಯ ಮಂಡಳಿ ಪರೀಕ್ಷಿಸಿ 'ಪೊಲೀಸ್ ಸೇವೆಗೆ ಸಂಪೂರ್ಣವಾಗಿ ಮತ್ತು ಶಾಶ್ವತವಾಗಿ ಅಶಕ್ತ' ಎಂದು ಪ್ರಮಾಣಪತ್ರ ನೀಡಿತು. ಸೇವೆಯಿಂದ ಬಿಡುಗಡೆ ಮಾಡುವ ಹೊತ್ತಿಗೆ ಅವನ ಸೇವಾವಧಿ 9 ವರ್ಷ 4 ತಿಂಗಳು.

ಸರ್ಕಾರಿ ಸೇವೆಯ ಒಳಗನ್ನು ಬಲ್ಲ ಓದುಗರಿಗೆ ಈ ಕೊನೆಯ ಅಂಕಿಯ ಅರ್ಥ ತಕ್ಷಣ ಹೊಳೆದಿರುತ್ತದೆ. ಹತ್ತು ವರ್ಷಗಳ ಅರ್ಹತಾದಾಯಕ ಸೇವೆ ತುಂಬದವನಿಗೆ ಪಿಂಚಣಿ ಇಲ್ಲ. ಒಂದು ಸಲಕ್ಕೆ ಮುಗಿದುಹೋಗುವ ಇಡಿಗಂಟಿನ ಉಪದಾನ ಮಾತ್ರ. ಎಂಟು ತಿಂಗಳ ಕೊರತೆಯಿಂದ ಆತ ಅಶಕ್ತತಾ ಪಿಂಚಣಿಯ ಹೊಸ್ತಿಲಿನ ಹೊರಗೇ ಉಳಿದಿದ್ದ. ಉಳಿದಿದ್ದ ಒಂದೇ ದಾರಿಯೆಂದರೆ, ಗಾಯ ಕರ್ತವ್ಯದ ಕಾರಣದಿಂದಲೇ ಆದದ್ದು ಎಂದು ಸರ್ಕಾರ ಒಪ್ಪಿ ವಿಶೇಷ ಪರಿಹಾರ ಮಂಜೂರು ಮಾಡುವುದು. ಆ ಪ್ರಶ್ನೆಯೇ ನಮ್ಮ ಕಚೇರಿಗೆ ಬಂದಿತ್ತು. ಟಿಪ್ಪಣಿ ಬರೆಯುವ ಹೊಣೆ ನನ್ನದಾಗಿತ್ತು.

ನಾನು ಬರೆದದ್ದು ಹೀಗೆ: ಅಪಘಾತದ ಸಮಯದಲ್ಲಿ ಅರ್ಜಿದಾರನು ಕರ್ತವ್ಯದ ಮೇಲಿದ್ದನೆಂಬುದಕ್ಕೆ ಠಾಣಾ ದಿನಚರಿಯಲ್ಲಿ ನಮೂದು ಇರುವುದಿಲ್ಲ, ಸ್ವಂತ ವಾಹನದಲ್ಲಿ ಪ್ರಯಾಣಿಸುತ್ತಿದ್ದ ಕಾರಣ ಗಾಯವು ಕರ್ತವ್ಯಕ್ಕೆ ನೇರವಾಗಿ ಸಂಬಂಧಿಸಿದ್ದೆಂದು ಪರಿಗಣಿಸಲು ಅವಕಾಶವಿರುವುದಿಲ್ಲ. ಮೇಲಿನವರು 'ಒಪ್ಪಿದೆ' ಎಂದು ಷರಾ ಬರೆದರು. ಅರ್ಜಿದಾರನಿಗೆ ಹಿಂಬರಹ ಹೋಯಿತು. ಕಡತ ಮುಕ್ತಾಯವಾಯಿತು.

ಆ ಟಿಪ್ಪಣಿಯಲ್ಲಿ ಸುಳ್ಳಿರಲಿಲ್ಲ. ದಿನಚರಿಯಲ್ಲಿ ನಮೂದು ನಿಜವಾಗಿಯೂ ಇರಲಿಲ್ಲ. ಮೌಖಿಕ ಆದೇಶವನ್ನು ಯಾರು ನಮೂದಿಸುತ್ತಾರೆ? ಆದರೆ ಆ ಟಿಪ್ಪಣಿ ಕಾನೂನಿಗೆ ವಿರುದ್ಧವಾಗಿತ್ತು. ಅದು ನನಗೆ ತಿಳಿದದ್ದು ಐದು ವರ್ಷಗಳ ನಂತರ, ಒಂದು ಬೆಳಗ್ಗೆ ಪತ್ರಿಕೆ ಓದುವಾಗ.

2003ರ ಫೆಬ್ರುವರಿ 13ರಂದು ಸುಪ್ರೀಂ ಕೋರ್ಟ್ ಕುನಾಲ್ ಸಿಂಗ್ ಎಂಬ ಕಾನ್‌ಸ್ಟೇಬಲ್‌ನ ಪ್ರಕರಣದಲ್ಲಿ ತೀರ್ಪು ನೀಡಿತು. ಕೇಂದ್ರದ ವಿಶೇಷ ಸೇವಾ ದಳದಲ್ಲಿದ್ದ ಆತ ಕರ್ತವ್ಯದಲ್ಲಿದ್ದಾಗ ಎಡಗಾಲಿಗೆ ಪೆಟ್ಟಾಗಿ, ಗಾಯ ಕೊಳೆತು, ಕಾಲನ್ನು ಕತ್ತರಿಸಬೇಕಾಗಿ ಬಂದಿತ್ತು. ವೈದ್ಯಕೀಯ ಮಂಡಳಿ ಅಶಕ್ತನೆಂದಿತು. ಇಲಾಖೆ ಮನೆಗೆ ಕಳುಹಿಸಿತು. ಹಿಮಾಚಲ ಪ್ರದೇಶದ ಹೈಕೋರ್ಟ್ ಮಧ್ಯೆ ಬರಲು ಒಪ್ಪಲಿಲ್ಲ. ಸುಪ್ರೀಂ ಕೋರ್ಟ್ ಮಾತ್ರ 1995ರ ಅಂಗವಿಕಲರ ಅಧಿನಿಯಮದ 47ನೆಯ ಪ್ರಕರಣವನ್ನು ತೆರೆದು ಓದಿತು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರನನ್ನು ಯಾವ ಸರ್ಕಾರಿ ಸಂಸ್ಥೆಯೂ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇದ್ದ ಹುದ್ದೆಗೆ ಆತ ಒಗ್ಗದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆಗೆ ಕಳುಹಿಸಬೇಕು. ಅದೂ ಇಲ್ಲದಿದ್ದರೆ ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ವಯೋನಿವೃತ್ತಿಯವರೆಗೆ ಸಂಖ್ಯಾತಿರಿಕ್ತ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು. ಅಶಕ್ತತಾ ಪಿಂಚಣಿ ಕೊಟ್ಟಿದ್ದೇವೆ ಎಂಬುದು ಈ ಹೊಣೆಯಿಂದ ತಪ್ಪಿಸಿಕೊಳ್ಳಲು ನೆಪವಾಗದು ಎಂದೂ ನ್ಯಾಯಾಲಯ ಹೇಳಿತು. ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲರು.

ಆ ಅಧಿನಿಯಮ ಜಾರಿಗೆ ಬಂದದ್ದು 1996ರ ಫೆಬ್ರುವರಿ 7ರಂದು. ಅಂದರೆ ನಾನು ಟಿಪ್ಪಣಿ ಬರೆಯುವಾಗ ಅದಕ್ಕೆ ಎರಡು ವರ್ಷ ತುಂಬಿತ್ತು. ನಮ್ಮ ಶಾಖೆಯಲ್ಲಿ ಸೇವಾ ನಿಯಮಾವಳಿಯ ಮಾಸಿದ ಪ್ರತಿಯಿತ್ತು. ಅದರ ಅಂಚಿನಲ್ಲಿ ತಿದ್ದುಪಡಿಗಳನ್ನು ಕತ್ತರಿಸಿ ಅಂಟಿಸಿದ ಚೀಟಿಗಳಿದ್ದವು. ಸಂಸತ್ತಿನ ಆ ಕಾಯ್ದೆಯ ಪ್ರತಿ ಮಾತ್ರ ಇರಲಿಲ್ಲ. ಅಂಗವಿಕಲರ ವಿಷಯ ಸಮಾಜ ಕಲ್ಯಾಣದವರದ್ದು ಎಂಬುದು ನಮ್ಮ ತಿಳಿವಳಿಕೆಯಾಗಿತ್ತು. ಗಾಯಗೊಂಡ ಪೊಲೀಸ್ ಮತ್ತು ಅಂಗವಿಕಲ ಪ್ರಜೆ, ಇಬ್ಬರೂ ಒಬ್ಬನೇ ಮನುಷ್ಯ ಆಗಿರಬಹುದೆಂದು ನಮಗೆ ಹೊಳೆದಿರಲಿಲ್ಲ. ಪತ್ರಿಕೆ ಓದಿದ ದಿನ ಆ ಹಳೆಯ ಕಡತವನ್ನು ಹುಡುಕಿಸಬೇಕು ಎಂದುಕೊಂಡೆ. ಅಷ್ಟರಲ್ಲಿ ನನಗೆ ಬೇರೆಡೆಗೆ ವರ್ಗವಾಗಿತ್ತು. ಹುಡುಕಿಸಲಿಲ್ಲ. ಇದನ್ನು ಈಗ ಬರೆಯುವಾಗ ಸಮರ್ಥನೆಯ ಮಾತು ಸೇರಿಸುವ ಇಚ್ಛೆ ನನಗಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಕೇಳಬಯಸುತ್ತೇನೆ. ಸೇವೆಯಲ್ಲಿ ಆದ ಗಾಯಕ್ಕೆ ಸರ್ಕಾರ ಕೊಡುವ ಹಣ ಯಾವ ಸ್ವರೂಪದ್ದು? ದಯೆಯೇ, ದಾನವೇ, ಅಥವಾ ಸಲ್ಲಬೇಕಾದ ಬಾಕಿಯೇ? ಅಪಾಯದ ಕೆಲಸಕ್ಕೆ ಕೂಲಿ ಹೆಚ್ಚಿರುತ್ತದೆ ಎಂದು ಆಡಂ ಸ್ಮಿತ್ 1776ರಲ್ಲೇ ವಿವರಿಸಿದ್ದ. ನಮ್ಮ ಕಾನ್‌ಸ್ಟೇಬಲ್‌ನ ಮಟ್ಟಿಗೆ ಆ ಸೂತ್ರ ಸರಿಹೊಂದದು. ಅವನ ಸಂಬಳವನ್ನು ನಿಗದಿಪಡಿಸುವುದು ಸಂತೆಯಲ್ಲ, ವೇತನ ಆಯೋಗ. ಅಪಾಯದ ಬೆಲೆ ಆ ಸಂಬಳದಲ್ಲಿ ಸೇರಿಲ್ಲ. ಹಾಗಿದ್ದರೆ ಆ ಬೆಲೆಯನ್ನು ಅಪಾಯ ಸಂಭವಿಸಿದ ದಿನವಾದರೂ ಪಾವತಿ ಮಾಡಬೇಕಲ್ಲವೆ? ಸಾವಿರ ಜನ ಲಾಠಿ ಹಿಡಿದು ನಿಂತಾಗ ಕಲ್ಲು ಬೀಳುವುದು ಇಬ್ಬರ ಮೇಲೆ. ಶಾಂತಿಯ ಲಾಭ ಇಡೀ ಊರಿಗೆ. ಹಾಗಾಗಿ ನಷ್ಟವನ್ನು ಊರೇ ಹಂಚಿಕೊಳ್ಳಬೇಕು. ವಿಮೆಯ ತತ್ತ್ವ ಇಷ್ಟೇ. ನಾವು ಮಾಡುತ್ತಿರುವುದು ತಿರುಗುಮುರುಗು: ನಷ್ಟವನ್ನು ಪೆಟ್ಟು ತಿಂದವನ ಮನೆಯಲ್ಲೇ ಬಿಟ್ಟು, ಲಾಭವನ್ನು ಹಂಚಿಕೊಂಡಿದ್ದೇವೆ.

ಸತ್ತವರ ವಿಷಯದಲ್ಲಿ ನಮ್ಮ ವ್ಯವಸ್ಥೆ ಅಷ್ಟು ನಿಷ್ಕರುಣಿಯಲ್ಲ. ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ 1959ರ ಅಕ್ಟೋಬರ್ 21ರಂದು ಚೀನೀ ಸೈನಿಕರ ಗುಂಡಿಗೆ ಬಲಿಯಾದ ಹತ್ತು ಪೊಲೀಸರ ನೆನಪಿನಲ್ಲಿ ಪ್ರತಿವರ್ಷ ಅದೇ ದಿನ ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಹುತಾತ್ಮರ ಸ್ಮಾರಕಕ್ಕೆ ಹೂಗುಚ್ಛ ಇಡುತ್ತಾರೆ. ಆ ವರ್ಷ ಮಡಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ಕುಟುಂಬಕ್ಕೆ ಪಿಂಚಣಿ ಇದೆ, ಪರಿಹಾರಧನ ಇದೆ, ಅನುಕಂಪದ ಆಧಾರದ ನೇಮಕಾತಿ ಇದೆ. ರಾಜ್ಯದ 1996ರ ಅನುಕಂಪ ನೇಮಕಾತಿ ನಿಯಮಗಳು ಮೃತ ನೌಕರನ ಅವಲಂಬಿತರಿಗಾಗಿ ರಚಿತವಾದವು. ಕಾಲು ಕಳೆದುಕೊಂಡು ಬದುಕಿ ಉಳಿದವನ ಹೆಸರನ್ನು ಓದುವ ದಿನವಿಲ್ಲ.

2005ರ ಫೆಬ್ರುವರಿಯಲ್ಲಿ ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿದ್ದ ಮೀಸಲು ಪಡೆಯ ಶಿಬಿರದ ಮೇಲೆ ನಕ್ಸಲರು ರಾತ್ರಿ ದಾಳಿ ನಡೆಸಿದ್ದು ಬಹಳ ಜನರಿಗೆ ನೆನಪಿರಬಹುದು. ಆ ದಾಳಿಯಲ್ಲಿ ಗಾಯಗೊಂಡು ಉಳಿದವರು ಆಮೇಲೆ ಏನಾದರು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಗೌರವದಿಂದ ನೆನೆಯಬೇಕಾದ ಒಂದು ಉದಾಹರಣೆಯೂ ಇದೆ. 1993ರ ಮೇ 24ರಂದು ಮಲೆ ಮಹದೇಶ್ವರ ಬೆಟ್ಟದ ಹಾದಿಯಲ್ಲಿ ವೀರಪ್ಪನ್ ತಂಡ ನಡೆಸಿದ ದಾಳಿಯಲ್ಲಿ ಆರು ಮಂದಿ ಪೊಲೀಸರು ಸತ್ತರು. ಅಧಿಕಾರಿ ಗೋಪಾಲ ಹೊಸೂರರು ತೀವ್ರವಾಗಿ ಗಾಯಗೊಂಡರು. ದೀರ್ಘ ಚಿಕಿತ್ಸೆಯ ನಂತರ ಅವರು ಇಲಾಖೆಗೆ ಮರಳಿ ಇನ್‌ಸ್ಪೆಕ್ಟರ್ ಜನರಲ್ ಹುದ್ದೆಯವರೆಗೆ ಏರಿದರು. ಅದು ಅವರ ಛಲಕ್ಕೆ ಸಾಕ್ಷಿ. ಜೊತೆಗೆ ಇನ್ನೊಂದು ಸಂಗತಿಗೂ ಸಾಕ್ಷಿ: ಗಾಯಗೊಂಡವನಿಗೆ ಕಾಲಾವಕಾಶ, ಚಿಕಿತ್ಸೆ ಮತ್ತು ಒಗ್ಗುವ ಕೆಲಸ ಕೊಟ್ಟರೆ ಇಲಾಖೆ ಒಬ್ಬ ಅನುಭವಿಯನ್ನು ಉಳಿಸಿಕೊಳ್ಳುತ್ತದೆ. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸಗಳು ಅಧಿಕಾರಿಯ ಮಟ್ಟದಲ್ಲಿ ಸಹಜವಾಗಿಯೇ ಹೆಚ್ಚು. ಕಾನ್‌ಸ್ಟೇಬಲ್‌ಗೆ ಅವನ್ನು ಹುಡುಕಿ ಕೊಡಬೇಕಾಗುತ್ತದೆ. ನಿಸ್ತಂತು ಕೊಠಡಿ, ನಿಯಂತ್ರಣ ಕೊಠಡಿ, ಠಾಣೆಯ ಬರವಣಿಗೆ, ಪಾಸ್‌ಪೋರ್ಟ್ ಪರಿಶೀಲನೆಯ ಕಡತ, ಈಗ ಸೈಬರ್ ಅಪರಾಧದ ಗಣಕಯಂತ್ರ: ಇವುಗಳಲ್ಲಿ ಯಾವುದಕ್ಕೆ ಎರಡು ಕಾಲು ಬೇಕು?

ನನ್ನ ಹಳೆಯ ಸಹೋದ್ಯೋಗಿಗಳು ಇದಕ್ಕೆ ಹೇಳುವ ಉತ್ತರ ನನಗೆ ಗೊತ್ತು. ಬಾಗಿಲು ತೆರೆದರೆ ಬೆನ್ನುನೋವಿನ ಪ್ರಮಾಣಪತ್ರ ಹಿಡಿದವರ ಸಾಲು ನಿಲ್ಲುತ್ತದೆ. ಕಷ್ಟದ ಜಾಗದ ವರ್ಗಾವಣೆ ತಪ್ಪಿಸಿಕೊಳ್ಳುವವರಿಗೆ ಅನುಕೂಲವಾಗುತ್ತದೆ. ಈ ಆತಂಕ ಪೂರ್ತಿ ಸುಳ್ಳಲ್ಲ. ಅಂಥ ಪ್ರಮಾಣಪತ್ರಗಳನ್ನು ನಾನೂ ಕಂಡಿದ್ದೇನೆ. ಆದರೆ ಒಬ್ಬ ಮೋಸಗಾರ ಒಳಗೆ ಬಾರದಿರಲೆಂದು ಹತ್ತು ನಿಜವಾದ ಗಾಯಾಳುಗಳನ್ನು ಹೊರಗೆ ನಿಲ್ಲಿಸುವುದು ಯಾವ ಲೆಕ್ಕದಲ್ಲೂ ಮಿತವ್ಯಯವಾಗದು. ನಮ್ಮ ಕಚೇರಿಗಳಲ್ಲಿ ಮೊದಲ ತಪ್ಪಿಗೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬರುತ್ತದೆ; ಎರಡನೆಯದಕ್ಕೆ ಬರುವುದಿಲ್ಲ. ಟಿಪ್ಪಣಿ ಬರೆಯುವವನ ಲೇಖನಿ ಎತ್ತ ವಾಲುತ್ತದೆಂದು ಬೇರೆ ಹೇಳಬೇಕಿಲ್ಲ.

ಗಾಯವನ್ನು ಅಳೆಯುವ ಕ್ರಮದಲ್ಲೇ ಒಂದು ಮೂಲಭೂತ ದೋಷವಿದೆ. ನಮ್ಮ ವೈದ್ಯಕೀಯ ಮಂಡಳಿಗಳು ದೇಹವನ್ನು ಅಳೆಯುತ್ತವೆ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿ ಹೆಬ್ಬೆರಳಿಗೆ ಶೇಕಡ 30 ಎಂದು ಬೆಲೆ ಕಟ್ಟಿತ್ತು. ಅದೇ ಮನೋಧರ್ಮ ಎಲ್ಲೆಡೆ ಹರಡಿದೆ. ಆದರೆ ಅಂಗದ ನಷ್ಟ ಬೇರೆ, ಗಳಿಕೆಯ ಶಕ್ತಿಯ ನಷ್ಟ ಬೇರೆ. ಇದನ್ನು ಬಿಡಿಸಿ ಹೇಳಿದವರೂ ಕರ್ನಾಟಕದಿಂದ ಹೋದ ನ್ಯಾಯಮೂರ್ತಿಯೇ. 2010ರ ಅಕ್ಟೋಬರಿನಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಎಂಬ ಮೋಟಾರು ಅಪಘಾತ ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಒಂದು ಸರಳ ನಿದರ್ಶನ ಕೊಟ್ಟರು. ಎಡಗೈ ಕತ್ತರಿಸಿಹೋದರೆ ಚಾಲಕನೋ ಬಡಗಿಯೋ ಆದವನ ಗಳಿಕೆ ಬಹುತೇಕ ನೂರಕ್ಕೆ ನೂರು ಹೋದಂತೆ. ಸರ್ಕಾರಿ ಗುಮಾಸ್ತನಾದರೆ ಸಂಬಳ ಹಾಗೆಯೇ ಉಳಿಯಬಹುದು. ಕೈ ಎರಡೂ ಕಡೆ ಒಂದೇ, ಶೇಕಡಾವಾರೂ ಒಂದೇ. ಆದುದರಿಂದ ನಷ್ಟವನ್ನು ಆ ಮನುಷ್ಯ ಮಾಡುತ್ತಿದ್ದ ಕೆಲಸದ ಎದುರು ಇಟ್ಟು ಅಳೆಯಬೇಕು. ಕಾನ್‌ಸ್ಟೇಬಲ್ ಈ ನಿದರ್ಶನದಲ್ಲಿ ಎಲ್ಲಿ ನಿಲ್ಲುತ್ತಾನೆ? ಇಲಾಖೆ ಅವನಿಗೆ ಮೇಜಿನ ಕೆಲಸ ಕೊಟ್ಟರೆ ಗುಮಾಸ್ತನ ಪಕ್ಕದಲ್ಲಿ, ಕೊಡದೆ ಹೊರಗೆ ಹಾಕಿದರೆ ಬಡಗಿಯ ಪಕ್ಕದಲ್ಲಿ. ನಷ್ಟದ ಪ್ರಮಾಣವನ್ನು ನಿರ್ಧರಿಸುವುದು ಲಾರಿಯಲ್ಲ, ಇಲಾಖೆಯ ತೀರ್ಮಾನ.

ಬ್ರಿಟನ್ನಿನಲ್ಲಿ ಪೊಲೀಸರಿಗಾಗಿಯೇ ಪ್ರತ್ಯೇಕ ಗಾಯ ಪರಿಹಾರ ನಿಯಮಗಳಿವೆ, ಈಗಿರುವವು 2006ರವು. ತನ್ನ ತಪ್ಪಿಲ್ಲದೆ ಕರ್ತವ್ಯ ನಿರ್ವಹಣೆಯಲ್ಲಿ ಗಾಯಗೊಂಡು ಶಾಶ್ವತವಾಗಿ ಅಶಕ್ತನಾದ ಅಧಿಕಾರಿಯ ಗಳಿಕೆಯ ಶಕ್ತಿ ಎಷ್ಟು ಕುಂದಿದೆಯೆಂದು ವೈದ್ಯ ನಿರ್ಧರಿಸುತ್ತಾನೆ. ಶೇಕಡ 25, 50 ಮತ್ತು 75 ಎಂಬ ಗೆರೆಗಳಿಂದ ನಾಲ್ಕು ಹಂತಗಳಾಗುತ್ತವೆ. ಹಂತ ಮತ್ತು ಸೇವಾವಧಿ ಸೇರಿ ಒಂದು ಖಾತರಿ ಆದಾಯ ನಿಗದಿಯಾಗುತ್ತದೆ. ಬೇರೆ ಪಿಂಚಣಿ ಅದಕ್ಕೆ ಸಾಲದಿದ್ದರೆ ಉಳಿದದ್ದನ್ನು ಗಾಯದ ಪಿಂಚಣಿ ತುಂಬಿಕೊಡುತ್ತದೆ. ಸೇವಾವಧಿ ಕಡಿಮೆಯೆಂದು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ಅಲ್ಲಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸೊಗಸೆಂದು ತಿಳಿಯಬೇಕಿಲ್ಲ. ಅರವತ್ತೈದು ದಾಟಿದವನಿಗೆ ಗಳಿಕೆಯ ಪ್ರಶ್ನೆಯೇ ಇಲ್ಲ, ಅವನನ್ನು ಕೆಳಗಿನ ಹಂತಕ್ಕೆ ಇಳಿಸಬಹುದು ಎಂಬರ್ಥದ ಸುತ್ತೋಲೆಯೊಂದನ್ನು ಅಲ್ಲಿನ ಗೃಹ ಇಲಾಖೆ 2004ರಲ್ಲಿ ಹೊರಡಿಸಿತ್ತು. ಅದು ಕಾನೂನಿಗೆ ಅನುಗುಣವಾಗಿಲ್ಲವೆಂದು ನ್ಯಾಯಾಲಯ 2012ರಲ್ಲಿ ಹೇಳಬೇಕಾಯಿತು. ಸುತ್ತೋಲೆ ಬರೆಯುವವರ ಕುಲ ಎಲ್ಲ ದೇಶಗಳಲ್ಲೂ ಒಂದೇ ಇರಬೇಕು.

ನಮ್ಮಲ್ಲೂ ಏನೂ ಬದಲಾಗಿಲ್ಲ ಎನ್ನುವಂತಿಲ್ಲ. ಹತ್ತು ವರ್ಷ ತುಂಬದೆ ಅಶಕ್ತರಾದವರಿಗೂ ಪಿಂಚಣಿ ಸಲ್ಲಬೇಕೆಂದು ಕೇಂದ್ರ ಸರ್ಕಾರ 2019ರ ಜನವರಿಯಲ್ಲಿ ತನ್ನ ನಿಯಮಗಳನ್ನು ತಿದ್ದಿತು. 1939ರಿಂದ ನಡೆದುಬಂದಿದ್ದ ಅಸಾಧಾರಣ ಪಿಂಚಣಿ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸವು ಬಂದವು. 1995ರ ಕಾಯ್ದೆಯ ಸ್ಥಾನವನ್ನು 2016ರ ಅಧಿನಿಯಮ ತುಂಬಿ, 47ನೆಯ ಪ್ರಕರಣ ಅಲ್ಲಿ 20ನೆಯ ಪ್ರಕರಣದ ನಾಲ್ಕನೆಯ ಉಪಪ್ರಕರಣವಾಗಿ ಮುಂದುವರಿದಿದೆ. ಆದರೆ ಕೆಲಸದ ಸ್ವರೂಪ ನೋಡಿ ಕೆಲವು ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವೂ ಸರ್ಕಾರಗಳ ಕೈಯಲ್ಲಿದೆ. ಅದನ್ನು ಬಳಸಿ 2021ರ ಆಗಸ್ಟ್ 18ರಂದು ಕೇಂದ್ರವು ಭಾರತೀಯ ಪೊಲೀಸ್ ಸೇವೆ ಮತ್ತು ಕೇಂದ್ರ ಸಶಸ್ತ್ರ ಪಡೆಗಳ ಯುದ್ಧಶ್ರೇಣಿಯ ಸಿಬ್ಬಂದಿಯನ್ನು ಈ ರಕ್ಷಣೆಯ ಹೊರಗಿಟ್ಟಿತು. ಕುನಾಲ್ ಸಿಂಗ್ ಗೆದ್ದ ನೆಲವನ್ನು ಅವನಂಥವರ ಕಾಲಡಿಯಿಂದಲೇ ಸರಿಸಿದಂತಾಯಿತು. ಅದು ಕೇಂದ್ರದ ಸೇವೆಗಳ ಮಾತು. ರಾಜ್ಯದ ಕಾನ್‌ಸ್ಟೇಬಲ್ ಆ ಅಧಿಸೂಚನೆಯಲ್ಲಿಲ್ಲ. ಅವನನ್ನು ಅಲ್ಲಿಗೆ ಎಳೆಯುವ ಯೋಚನೆ ಯಾರಿಗೂ ಬಾರದಿರಲಿ ಎಂದು ಆಶಿಸುತ್ತೇನೆ.

'ಕರ್ತವ್ಯದ ಕಾರಣದಿಂದ' ಎಂಬ ಎರಡು ಪದಗಳ ಕಷ್ಟ ನಮ್ಮ ಮಲೆನಾಡಿನಲ್ಲಿ ಅರ್ಥವಾಗುವಷ್ಟು ಬೇರೆಡೆ ಆಗದು. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕಾರ್ಕಳದ ಕಾಡುಗಳಲ್ಲಿ ನಕ್ಸಲ್ ನಿಗ್ರಹ ಪಡೆಯವರು ಎರಡು ದಶಕಗಳ ಕಾಲ ಕೂಂಬಿಂಗ್ ನಡೆಸಿದರು. 2024ರ ನವೆಂಬರಿನಲ್ಲಿ ಹೆಬ್ರಿ ಸಮೀಪ ವಿಕ್ರಂ ಗೌಡ ಹತನಾಗಿ, 2025ರ ಜನವರಿ 8ರಂದು ಆರು ಮಂದಿ ಶರಣಾಗುವುದರೊಂದಿಗೆ ಆ ಅಧ್ಯಾಯ ಹೆಚ್ಚುಕಡಿಮೆ ಮುಗಿಯಿತು. ಆ ಕಾಡುಗಳಲ್ಲಿ ಗುಂಡಿಗಿಂತ ಹೆಚ್ಚು ಕಾಡಿದ್ದು ಮಳೆ, ಜಾರುಬಂಡೆ, ಜಿಗಣೆ ಮತ್ತು ಉಣುಗು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುವಂಥದ್ದು. 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಲಗೋಡು ಸುತ್ತ ಅದು ಹಲವರ ಪ್ರಾಣ ತೆಗೆಯಿತು. ದಶಕಗಳಿಂದ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಕಾಡಿನಲ್ಲಿ ಮಲಗಿದ ಕಾನ್‌ಸ್ಟೇಬಲ್‌ಗೆ ಉಣುಗು ಕಚ್ಚಿ ಈ ಜ್ವರ ಬಂದರೆ ಅದು ಕರ್ತವ್ಯದ ಗಾಯವೇ, ಖಾಸಗಿ ಕಾಯಿಲೆಯೇ? ಉಣುಗು ಠಾಣಾ ದಿನಚರಿಯಲ್ಲಿ ಸಹಿ ಹಾಕುವುದಿಲ್ಲ. ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳ 2019ರ ಅಧ್ಯಯನದ ಪ್ರಕಾರ ನಮ್ಮ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಅಷ್ಟು ಗಂಟೆಗಳ ನಂತರ ಬರುವ ರಕ್ತದೊತ್ತಡ, ಹೃದಯಾಘಾತ, ಕುಸಿದ ಮನಸ್ಸು ಇವುಗಳಿಗೂ ಸಾಕ್ಷಿ ತರುವ ಹೊಣೆಯನ್ನು ನಾವು ರೋಗಿಯ ಮೇಲೇ ಹೊರಿಸಿದ್ದೇವೆ. ಸೇವೆಗೆ ಸೇರುವಾಗ ವೈದ್ಯರು ದೃಢಕಾಯನೆಂದು ಬರೆದುಕೊಟ್ಟವನು ಸೇವೆಯಲ್ಲಿರುವಾಗ ಕುಸಿದರೆ, ಅದಕ್ಕೆ ಸೇವೆ ಕಾರಣವಲ್ಲವೆಂದು ಸಾಬೀತುಪಡಿಸುವ ಭಾರ ಸರ್ಕಾರದ್ದಾಗಬೇಕು. ಗಾಯವಾದ ವಾರದೊಳಗೆ ಮೇಲಧಿಕಾರಿ ಸ್ಥಳದ ವರದಿ ಬರೆಯಬೇಕು. ಮೌಖಿಕ ಆದೇಶ ಕೊಟ್ಟವನು ಕೊಟ್ಟೆನೆಂದು ಲಿಖಿತವಾಗಿ ಒಪ್ಪಬೇಕು. ಇದಕ್ಕೆ ಹೊಸ ಹಣ ಬೇಕಿಲ್ಲ.

ಕೆಲಸಕ್ಕೆ ಹೋಗುವ ದಾರಿ ಕೆಲಸದ ಭಾಗವೇ ಎಂಬ ಪ್ರಶ್ನೆಗೆ 2025ರ ಜುಲೈ 29ರಂದು ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ಕಾವಲುಗಾರ 2003ರಲ್ಲಿ ಬೆಳಗಿನ ಜಾವ ಮೂರು ಗಂಟೆಯ ಪಾಳಿಗೆ ಮೋಟಾರು ಸೈಕಲ್ಲಿನಲ್ಲಿ ಹೊರಟು, ಕಾರ್ಖಾನೆ ಇನ್ನೂ ಐದು ಕಿಲೋಮೀಟರು ಇರುವಾಗ ಅಪಘಾತದಲ್ಲಿ ಸತ್ತಿದ್ದ. ಸಮಯ, ಸ್ಥಳ ಮತ್ತು ಸಂದರ್ಭಗಳಿಂದ ಅಪಘಾತಕ್ಕೂ ಉದ್ಯೋಗಕ್ಕೂ ನಂಟು ಕಂಡುಬಂದರೆ ಅದು ಉದ್ಯೋಗದ ಅವಧಿಯದ್ದೇ ಎಂದು ನ್ಯಾಯಾಲಯ ಹೇಳಿ ಪರಿಹಾರವನ್ನು ಎತ್ತಿಹಿಡಿಯಿತು. ಆ ಕುಟುಂಬ ಕಾದದ್ದು 22 ವರ್ಷ.

ಈ ತೀರ್ಪಿನ ಸುದ್ದಿ ಓದಿದ ಮೇಲೆಯೇ ನಾನು ಹೊನ್ನೆಮರಡುವಿಗೆ ಹೊರಟದ್ದು. ಸಾಗರದಿಂದ ತಾಳಗುಪ್ಪದ ರಸ್ತೆಯಲ್ಲಿ ಹೋಗಿ ಕಾಡಿನ ಕಡೆಗೆ ತಿರುಗಬೇಕು. ಹೊನ್ನೆಯ ಮರಗಳಿಂದ ಬಂದ ಹೆಸರೆಂದು ಕೆಲವರು ಹೇಳುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನಿಂತ ಶರಾವತಿಯ ಹಿನ್ನೀರು ಅಲ್ಲಿ ಕಣ್ಣು ಹರಿಯುವಷ್ಟು ದೂರ ಹಬ್ಬಿದೆ. ದೋಣಿಯಾಟಕ್ಕೆ, ಈಜಿಗೆ ನಗರದ ಹುಡುಗರು ಬರುತ್ತಾರೆ. ನಾನು ಹುಡುಕಿದ ಮನೆ ಅಲ್ಲಿಂದ ಸ್ವಲ್ಪ ಒಳಗೆ, ಒಂದಿಷ್ಟು ಅಡಿಕೆ ಸಸಿಗಳ ನಡುವೆ ಇತ್ತು. ಇಪ್ಪತ್ತೇಳು ವರ್ಷಗಳ ಹಿಂದಿನ ವಿಳಾಸ ಇನ್ನೂ ಸರಿಯಾಗಿಯೇ ಇತ್ತು.

ಅವರು ಊರುಗೋಲಿನ ಮೇಲೆ ಎದ್ದು ನಿಂತು ಬರಮಾಡಿಕೊಂಡರು. ಹುಟ್ಟಿದ್ದು 1966ರಲ್ಲಿ, ಸೇವೆಯಲ್ಲಿ ಉಳಿದಿದ್ದರೆ ವಯೋನಿವೃತ್ತಿ 2026ಕ್ಕೆ. ಉಪದಾನದ ಹಣ ಆಸ್ಪತ್ರೆಯ ಸಾಲಕ್ಕೆ ಹೋಯಿತಂತೆ. ಕೃತಕ ಕಾಲನ್ನು ಎರಡು ಸಲ ಬದಲಿಸಿದ್ದಾರೆ. ಮಳೆಗಾಲದಲ್ಲಿ ಕೆಸರಿನ ದಾರಿಗೆ ಅದು ಒಗ್ಗದೆಂದು ಮೂಲೆಗೆ ಇಟ್ಟಿದ್ದರು. ಹೆಂಡತಿ ಬೇರೆಯವರ ತೋಟಗಳಲ್ಲಿ ಅಡಿಕೆ ಸುಲಿದು ಮಕ್ಕಳನ್ನು ಓದಿಸಿದರು. "ಸತ್ತಿದ್ರೆ ಅವ್ಳಿಗೊಂದು ನೌಕರಿ ಆಗ್ತಿತ್ತು ಸಾರ್" ಎಂದು ಸಹಜವಾಗಿ ಹೇಳಿದರು. ಆಕೆ ಅಲ್ಲೇ ಬಾಗಿಲಲ್ಲಿ ನಿಂತಿದ್ದರು.

ಟ್ರಂಕು ತೆರೆದು ಕಾಗದಗಳನ್ನು ಹೊರತೆಗೆದರು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಹಿಂಬರಹದ ಪ್ರತಿ ಕೈಗೆ ಬಂತು. ಕೆಳಗಿನ ಸಹಿ ಬೇರೆಯವರದ್ದು. ವಾಕ್ಯಗಳು ನನ್ನವು, ಒಂದು ಅಲ್ಪವಿರಾಮವೂ ಬದಲಾಗಿರಲಿಲ್ಲ. ನಾನು ಯಾರೆಂದು ಅಲ್ಲಿಯವರೆಗೆ ಹೇಳಿರಲಿಲ್ಲ. ಹೇಳಿದೆ. ಅವರು ಕಾಗದವನ್ನೂ ನನ್ನನ್ನೂ ಒಮ್ಮೆ ನೋಡಿದರು. "ನೀವು ಬರೀದೆ ಇದ್ರೆ ಇನ್ನೊಬ್ರು ಬರೀತಿದ್ರು. ಬಿಡಿ ಸಾರ್, ಕಷಾಯ ಆರ್ತದೆ, ಕುಡೀರಿ" ಎಂದರು.

ಕಷಾಯ ಕುಡಿದು ಕಾನೂನಿನ ಮಾತು ತೆಗೆದೆ. ಆಡಳಿತ ನ್ಯಾಯಮಂಡಳಿಗೆ ಹೋಗಲು ಅಂತಿಮ ಆದೇಶದ ನಂತರ ಒಂದು ವರ್ಷದ ಕಾಲಮಿತಿ. ಅದು 1999ಕ್ಕೇ ಮುಗಿದಿದೆ. ವಿಳಂಬ ಮನ್ನಾ ಮಾಡಿಸಿಕೊಳ್ಳಲು ಕಾರಣ ಹೇಳಬೇಕು. ಹಿಂಬರಹದಲ್ಲಿ 47ನೆಯ ಪ್ರಕರಣದ ಉಲ್ಲೇಖವೇ ಇಲ್ಲದಿದ್ದುದರಿಂದ ತನಗೆ ಅಂಥ ಹಕ್ಕಿದೆಯೆಂದು ತಿಳಿಯಲಿಲ್ಲ ಎನ್ನುವುದೇ ಅವರಿಗಿರುವ ಕಾರಣ. ಅದು ನಿಲ್ಲುತ್ತದೆಯೋ ಇಲ್ಲವೋ ವಕೀಲರು ಹೇಳಬೇಕು. ಸದ್ಯಕ್ಕೆ ಸರ್ಕಾರಕ್ಕೆ ಒಂದು ಮನವಿ ಬರೆದೆವು. ಅವರು ಹೇಳಿದರು, ನಾನು ಬರೆದೆ. 1998ರ ಟಿಪ್ಪಣಿಯನ್ನು ಸಿದ್ಧಪಡಿಸಿದವನು ನಾನೇ ಎಂದೂ, ಅದನ್ನು ಬರೆಯುವಾಗ ಜಾರಿಯಲ್ಲಿದ್ದ ಕೇಂದ್ರ ಕಾಯ್ದೆಯನ್ನು ಪರಿಶೀಲಿಸಿರಲಿಲ್ಲವೆಂದೂ ನನ್ನದೊಂದು ಹೇಳಿಕೆಯನ್ನು ಲಗತ್ತಿಸಿದ್ದೇನೆ. ಬೆಂಗಳೂರಿನಲ್ಲಿ ಮನವಿ ಸಲ್ಲಿಸಿ ಪಡೆದ ಸ್ವೀಕೃತಿಯನ್ನು ನೋಂದಾಯಿತ ಅಂಚೆಯಲ್ಲಿ ಅವರಿಗೆ ಕಳುಹಿಸಿದೆ. ತಲುಪಿದೆಯೆಂದು ಫೋನ್ ಮಾಡಿದ್ದರು. ಅದನ್ನೂ ಅದೇ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದಾರಂತೆ.